ಮೋಸೆಲ್ ದಂಡೆಯ ಒಂದು ವೈನ್ ಮನೆತನ: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯ ರೀಸ್ಲಿಂಗ್ ವಿಷಯ ಎತ್ತಿದಾಗಲೆಲ್ಲ ಗೆಳೆಯರು, ನೆಂಟರು, ಪತ್ರ ಬರೆಯುವವರು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಎಲ್ಲವನ್ನೂ ಒಂದೇ ಮನೆಯ ಸುತ್ತ ಜೋಡಿಸಿದ್ದೇನೆ. ಮೋಸೆಲ್ ನದಿಯ ದಂಡೆಯಲ್ಲಿರುವ ವೇಲೆನ್ ಊರಿನ ಯೊಹಾನ್ ಯೋಸೆಫ್ ಪ್ರ್ಯೂಮ್ ಅವರ ಮನೆ ಅದು. ಲೇಬಲ್ ಮೇಲೆ ಹೆಸರನ್ನು ಚುಟುಕಾಗಿಸಿ 'ಯೋ. ಯೋಸ್. ಪ್ರ್ಯೂಮ್' ಅಂತ ಹಾಕುತ್ತಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರುವಿನಲ್ಲಿ ಕೇಳುವವು

ಜರ್ಮನಿ ಅಂದ್ರೆ ಬಿಯರ್ ಅಲ್ವಾ? ಅಲ್ಲಿ ವೈನ್ ಕೂಡ ಮಾಡ್ತಾರಾ?

ಮಾಡುತ್ತಾರೆ, ರೋಮನ್ನರ ಕಾಲದಿಂದ. ರೀಸ್ಲಿಂಗ್ ಅನ್ನೋ ಬಿಳಿ ದ್ರಾಕ್ಷಿಯಂತೂ ಅಲ್ಲಿಯದೇ. 1435ರಲ್ಲಿ ರುಸೆಲ್ಸ್‌ಹೈಮ್ ಊರಿನ ಒಂದು ಲೆಕ್ಕದ ಚೀಟಿಯಲ್ಲಿ ಈ ಬಳ್ಳಿ ಕೊಂಡ ವಿವರ ಸಿಗುತ್ತದೆ. ಇವತ್ತಿಗೂ ಪ್ರಪಂಚದಲ್ಲಿ ಅತಿ ಹೆಚ್ಚು ರೀಸ್ಲಿಂಗ್ ಬೆಳೆಯುವ ದೇಶ ಜರ್ಮನಿ. ಮೋಸೆಲ್ ಕಣಿವೆಯಲ್ಲಿ ಅದು ಹೆಚ್ಚಲು ಒಬ್ಬ ದೊರೆಯ ಅಪ್ಪಣೆಯೂ ಕಾರಣ. ಟ್ರಿಯರ್‌ನ ಕ್ಲೆಮೆನ್ಸ್ ವೆನ್ಸೆಸ್ಲಾಸ್ 1787ರಲ್ಲಿ ಕಳಪೆ ಬಳ್ಳಿ ಕಿತ್ತು ಒಳ್ಳೆಯ ಜಾತಿ ನೆಡಿ ಅಂತ ಆಜ್ಞೆ ಹೊರಡಿಸಿದ.

ಈ ಪ್ರ್ಯೂಮ್ ಅಂದ್ರೆ ಯಾರು? ಕಂಪನಿನಾ, ಮನೆತನನಾ?

ಮನೆತನ. ಪ್ರ್ಯೂಮ್‌ಗಳು ಆ ಕಣಿವೆಯ ಹಳೇ ಕುಳ. 1911ರಲ್ಲಿ ಕುಟುಂಬದ ತೋಟ ಪಾಲಾದಾಗ ಯೊಹಾನ್ ಯೋಸೆಫ್ ತನ್ನ ಪಾಲಿಗೆ ಬಂದ ತುಂಡುಗಳಿಂದ ಈ ಮನೆ ಕಟ್ಟಿದ. ಹೆಸರು ತಂದವನು ಮಗ ಸೆಬಾಸ್ಟಿಯನ್. 1969ರಲ್ಲಿ ಅವನ ಮಗ ಮಾನ್‌ಫ್ರೆಡ್ ಕೈಗೆ ಬಂತು. ಆತನ ಮಗಳು ಕತರೀನಾ 2003ರಿಂದ ಕೆಲಸಕ್ಕೆ ಕೂಡಿಕೊಂಡು, ಆಮೇಲೆ ಪೂರ್ತಿ ಹೊಣೆ ಹೊತ್ತರು. ಅಪ್ಪ, ಮಗಳು ಇಬ್ಬರೂ ಕಾನೂನು ಓದಿದವರು ಅನ್ನೋದು ಸ್ವಲ್ಪ ತಮಾಷೆ. ಜರ್ಮನ್ ವೈನ್ ಲೇಬಲ್ ಓದೋಕೆ ವಕೀಲರೇ ಬೇಕು ಅಂತ ಕುಹಕ ಮಾಡುವವರಿಗೆ ಇದು ಒಳ್ಳೆ ಸರಕು.

ನಾಲ್ಕು ತಲೆಮಾರು ಆದರೂ ಶೈಲಿ ಹೆಚ್ಚು ಬದಲಾಗಿಲ್ಲ. ತೂಕ ಕಮ್ಮಿ, ಹುಳಿ ಜೋರು, ಸ್ವಲ್ಪ ಸಿಹಿ, ಮತ್ತು ವರ್ಷಗಟ್ಟಲೆ ಕಾಯುವಂತೆ ಮಾಡುವ ವೈನ್. ಮಾರುಕಟ್ಟೆ ಒಣ ವೈನ್ (ಅಂದರೆ ಸಿಹಿ ಉಳಿಯದ ವೈನ್) ಕಡೆ ವಾಲಿದ ದಶಕಗಳಲ್ಲೂ ಇವರು ಕದಲಲಿಲ್ಲ. ಈ ಹಟ ನನಗೆ ಇಷ್ಟ.

ಅಂಗಡಿಯಲ್ಲಿ ಪ್ರ್ಯೂಮ್ ಹೆಸರಿನ ಬೇರೆ ಲೇಬಲ್ ಕೂಡ ನೋಡಿದೆ. ಎಲ್ಲಾ ಒಂದೇನಾ?

ಅಲ್ಲ. ಎಸ್. ಎ. ಪ್ರ್ಯೂಮ್ ಬೇರೆ ಮನೆ, ಇದೇ ಬಳಗದ್ದು. ಮೋಸೆಲ್‌ನಲ್ಲಿ ಜಮೀನು ಮಕ್ಕಳಿಗೆಲ್ಲ ಸಮಪಾಲು. ನೆಪೋಲಿಯನ್ ಕಾಲದ ಫ್ರೆಂಚ್ ಕಾನೂನು ಆ ಪದ್ಧತಿಯನ್ನು ಇನ್ನೂ ಗಟ್ಟಿ ಮಾಡಿತು. ಅದೇ ಫ್ರೆಂಚರು ಮಠಗಳ ತೋಟ ವಶಪಡಿಸಿಕೊಂಡು ಹರಾಜು ಹಾಕಿದರು, ದುಡ್ಡಿದ್ದ ಊರವರು ಕೊಂಡರು. ಹಾಗಾಗಿ ಒಂದೇ ಗುಡ್ಡದಲ್ಲಿ ಹತ್ತಾರು ಒಡೆಯರು, ಒಬ್ಬೊಬ್ಬರಿಗೆ ಅಲ್ಲೊಂದು ಇಲ್ಲೊಂದು ಪಟ್ಟಿ. ಮದುವೆ ಸಂಬಂಧದಿಂದ ಕೂಡಿದ ಜೋಡಿ ಹೆಸರುಗಳೂ ಬೇಕಾದಷ್ಟು. ಊರಿನ ಹೆಸರು, ಗುಡ್ಡದ ಹೆಸರು ಒಂದೇ ಇದ್ದರೂ ಮಾಡಿದ ಕೈ ಬೇರೆ ಇರುತ್ತದೆ. ಕೊಳ್ಳುವಾಗ ಮನೆಯ ಪೂರ್ತಿ ಹೆಸರು ನೋಡಿ.

ಸಿಹಿ ವೈನ್ ಅಂದ್ರೆ ಕುಡಿಯೋಕೆ ಬರದವರಿಗೆ ಅಂತಾರಲ್ಲ?

ಈ ಮಾತು ಹುಟ್ಟಿದ್ದು 1970-80ರ ದಶಕದಲ್ಲಿ. ಆಗ ಜರ್ಮನಿಯಿಂದ ಅಗ್ಗದ ಸಿಹಿ ವೈನ್ ಹಡಗುಗಟ್ಟಲೆ ಹೊರಗೆ ಹೋಯಿತು. ಲೀಬ್‌ಫ್ರಾಮಿಲ್ಖ್ ಅನ್ನೋ ಹೆಸರು ಕೇಳಿದರೆ ಈಗಲೂ ಮೂಗು ಮುರಿಯುವವರಿದ್ದಾರೆ. ಆ ವೈನ್‌ಗಳಲ್ಲಿ ಸಿಹಿ ಇತ್ತು, ಅದಕ್ಕೆ ಎದುರು ನಿಲ್ಲುವ ಹುಳಿ ಇರಲಿಲ್ಲ.

ಪ್ರ್ಯೂಮ್ ಮನೆಯ ಕಾಬಿನೆಟ್ ಅನ್ನೋ ಹಗುರ ದರ್ಜೆಯ ವೈನ್‌ನಲ್ಲಿ ಲೀಟರಿಗೆ ಸುಮಾರು 40-50 ಗ್ರಾಂ ಸಕ್ಕರೆ ಉಳಿದಿರುತ್ತದೆ. ಕೋಲಾದಲ್ಲಿ ಇದರ ಎರಡು ಪಟ್ಟಿಗಿಂತ ಜಾಸ್ತಿ. ಆದರೆ ನಾಲಗೆಗೆ ತಾಗುವುದು ಹುಳಿ ಮೊದಲು. ನಿಂಬೆ ಪಾನಕಕ್ಕೆ ಸಕ್ಕರೆ ಹಾಕಿದರೂ ಅದನ್ನು ಯಾರೂ ಸಿಹಿತಿಂಡಿ ಅನ್ನುವುದಿಲ್ಲ, ಹಾಗೆ. ಮತ್ತೆ, ಈ ಸಕ್ಕರೆ ಹೊರಗಿನಿಂದ ಹಾಕಿದ್ದಲ್ಲ. ದ್ರಾಕ್ಷಿಯದೇ, ಯೀಸ್ಟ್ ತಿನ್ನದೆ ಬಿಟ್ಟದ್ದು. ಸಕ್ಕರೆ ಕಾಯಿಲೆ ಇದ್ದವರಿಗೆ ಮಾತ್ರ ಈ ವ್ಯತ್ಯಾಸದಿಂದ ಏನೂ ಉಪಯೋಗವಿಲ್ಲ, ಸಕ್ಕರೆ ಸಕ್ಕರೆಯೇ.

ಆಲ್ಕೋಹಾಲ್ ಬರೀ 8%, 9% ಇದೆ. ನೀರು ಬೆರೆಸಿದಾರಾ?

ಇಲ್ಲ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ. ಅರ್ಧ ದಾರಿಯಲ್ಲಿ ಅದನ್ನು ತಣ್ಣಗೆ ಮಾಡಿ ನಿಲ್ಲಿಸಿದರೆ ಸಕ್ಕರೆ ಉಳಿಯುತ್ತದೆ, ಆಲ್ಕೋಹಾಲ್ ಕಮ್ಮಿಯಾಗುತ್ತದೆ. ಅಂಗಡಿಯಲ್ಲಿ ಜರ್ಮನ್ ಓದಲು ಬಾರದಿದ್ದರೆ ಈ ಅಂಕಿಯನ್ನೇ ನೋಡಿ. 8-9% ಇದ್ದರೆ ಸಿಹಿ, 12% ದಾಟಿದರೆ ಬಹುಪಾಲು ಒಣ ವೈನ್.

## ತೋಟದ ಬಗ್ಗೆ

ಅಷ್ಟು ಕಡಿದಾದ ಗುಡ್ಡದಲ್ಲೇ ಯಾಕೆ ಬೆಳೀಬೇಕು? ಕೆಳಗೆ ಬಯಲಿಲ್ವಾ?

ಬಯಲಿದೆ, ಅಲ್ಲಿ ರೀಸ್ಲಿಂಗ್ ಸರಿಯಾಗಿ ಹಣ್ಣಾಗುವುದಿಲ್ಲ. ವೇಲೆನ್ ಇರುವುದು ಹತ್ತಿರ ಹತ್ತಿರ 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ, ಯಾವಾಗಲೂ ಓರೆ. ಓರೆ ಬಿಸಿಲಿಗೆ ಓರೆ ನೆಲವೇ ಎದುರಾಗಬೇಕು. ತೆಂಕಣ-ಪಡುವಣಕ್ಕೆ ಮುಖ ಮಾಡಿದ ಇಳಿಜಾರು ಬಿಸಿಲನ್ನು ಎದೆಗೊಟ್ಟು ಹಿಡಿಯುತ್ತದೆ. ಕೆಳಗೆ ನದಿ ಇದೆ, ಅದು ಬೆಳಕನ್ನೂ ಮೇಲಕ್ಕೆ ಎಸೆಯುತ್ತದೆ, ರಾತ್ರಿಯ ಚಳಿಯನ್ನೂ ತುಸು ಮುರಿಯುತ್ತದೆ.

ಮೂರನೆಯದು ಕಲ್ಲು. ಗುಡ್ಡದ ತುಂಬ ನೀಲಿ-ಬೂದು ಬಣ್ಣದ ಸ್ಲೇಟು ಚೂರುಗಳು, ಕೋಟ್ಯಂತರ ವರ್ಷ ಹಿಂದಿನ ಡೆವೋನಿಯನ್ ಕಾಲದವು. ಮಣ್ಣು ಕಾಣುವುದೇ ಕಷ್ಟ. ಮಧ್ಯಾಹ್ನ ಒಂದು ಚೂರು ಎತ್ತಿ ನೋಡಿ. ಅಂಗೈಯಷ್ಟು ಅಗಲ, ರೊಟ್ಟಿಗಿಂತ ಚೂರು ದಪ್ಪ, ಅಂಚು ಚೂಪು, ಮೇಲ್ಭಾಗ ಬಿಸಿ, ಮಗುಚಿದರೆ ಅಡಿಯಲ್ಲಿ ತೇವ. ಹಗಲಿನ ಶಾಖ ಹಿಡಿದಿಟ್ಟು ಸಂಜೆ ಮೇಲೆ ಬಳ್ಳಿಗೆ ಬಿಡುತ್ತದೆ, ಅಡಿಯ ನೀರು ಆರದಂತೆ ಮುಚ್ಚಿಡುತ್ತದೆ. ಜೋರು ಮಳೆ ಬಂದರೆ ಈ ಚೂರುಗಳು ಜಾರಿ ಕೆಳಗೆ ಬರುತ್ತವೆ. ಹಿಂದೆಲ್ಲ ಅವನ್ನು ಬುಟ್ಟಿಯಲ್ಲಿ ಹೊತ್ತು ಮತ್ತೆ ಮೇಲೆ ಹಾಕುತ್ತಿದ್ದರು.

ಇಳಿಜಾರು ಕೆಲವು ಕಡೆ 70% ಮುಟ್ಟುತ್ತದೆ. ಅಂದರೆ ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ಎಪ್ಪತ್ತು ಅಡಿ ಮೇಲೆ ಹತ್ತಿರುತ್ತೀರಿ.

ಅಲ್ಲಿ ಟ್ರ್ಯಾಕ್ಟರ್ ಹೋಗತ್ತಾ? ಕೆಲಸ ಯಾರು ಮಾಡ್ತಾರೆ?

ಮಾಮೂಲಿ ಟ್ರ್ಯಾಕ್ಟರ್ ಹೋಗಲ್ಲ. ಎಷ್ಟೋ ಕಡೆ ಒಂಟಿ ಹಳಿಯ ಪುಟ್ಟ ಬಂಡಿ ಇರುತ್ತದೆ, ಆಳನ್ನೂ ಡಬ್ಬಿಯನ್ನೂ ಅದು ಮೇಲೆ ಎಳೆಯುತ್ತದೆ. ಔಷಧಿ ಹೊಡೆಯಲು ಈ ಕಣಿವೆಯಲ್ಲಿ ಹೆಲಿಕಾಪ್ಟರ್ ಬಳಸುತ್ತಾರೆ, ಈಚೆಗೆ ಡ್ರೋನ್ ಕೂಡ ಬಂದಿದೆ. ಮಿಕ್ಕಿದ್ದೆಲ್ಲ ಕೈಕೆಲಸ. ಹಳೇ ಪದ್ಧತಿಯಲ್ಲಿ ಒಂದೊಂದು ಬಳ್ಳಿಗೆ ಒಂದೊಂದು ಮರದ ಗೂಟ. ಎರಡು ರೆಂಬೆಗಳನ್ನು ಬಗ್ಗಿಸಿ ಹೃದಯದ ಆಕಾರದಲ್ಲಿ ಕಟ್ಟುತ್ತಾರೆ. ತಂತಿ ಸಾಲಿಲ್ಲದ ಕಾರಣ ಅಡ್ಡಡ್ಡ ನಡೆಯಬಹುದು, ಪ್ರತಿ ಸಲ ನೇರ ಹತ್ತಿ ಇಳಿಯಬೇಕಿಲ್ಲ.

ಕೊಯ್ಲಿಗೆ ಪೋಲೆಂಡ್, ರೊಮೇನಿಯಾದಿಂದ ಜನ ಬರುತ್ತಾರೆ. ಎಷ್ಟೋ ಮನೆಗಳಿಗೆ ವರ್ಷಾ ವರ್ಷ ಅದೇ ಗುಂಪು. ಬಯಲಿನ ತೋಟಕ್ಕೆ ಹೋಲಿಸಿದರೆ ಎಕರೆಗೆ ಹಲವು ಪಟ್ಟು ದುಡಿಮೆ. ಅದಕ್ಕೇ ಮಕ್ಕಳು ಬೇಡ ಅಂದ ಕಡೆ ತೋಟ ಪಾಳು ಬೀಳುತ್ತಿದೆ, ಬೆಟ್ಟದ ನಡುನಡುವೆ ಪೊದೆ ಬೆಳೆದ ತೇಪೆ ಕಾಣುತ್ತದೆ. ಹೆಸರಿರುವ ಮನೆಗೆ ಬೆಲೆ ಸಿಗುತ್ತದೆ, ಉಳಿದವರ ಪಾಡು ಕಷ್ಟ.

ಗುಡ್ಡದ ಮಧ್ಯೆ ಗಡಿಯಾರದ ಥರ ಏನೋ ಇದೆಯಲ್ಲ, ಏನದು?

ನೆರಳು ಗಡಿಯಾರ. 1842ರಲ್ಲಿ ಯೊಡೋಕಸ್ ಪ್ರ್ಯೂಮ್ ಕಟ್ಟಿಸಿದ್ದು. ಆಳುಗಳಿಗೆ ಊಟದ ಹೊತ್ತು ತಿಳಿಯಲಿ ಅಂತ. ಅದರಿಂದ ಆ ಇಳಿಜಾರಿಗೇ ವೇಲೆನರ್ ಜೊನ್ನೆನ್‌ಊರ್, ಅಂದರೆ ವೇಲೆನ್‌ನ ನೆರಳು ಗಡಿಯಾರ, ಅಂತ ಹೆಸರು ಬಂತು. ಊರು ನದಿಯ ಒಂದು ದಡದಲ್ಲಿ, ತೋಟ ಎದುರು ದಡದಲ್ಲಿ, ನಡುವೆ ತೂಗುಸೇತುವೆ. ಮನೆಯ ಕಿಟಕಿಯಿಂದಲೇ ಗಂಟೆ ನೋಡಬಹುದು. ಪಕ್ಕದ ಗ್ರಾಖ್ ಊರಿನ ಹಿಮ್ಮೆಲ್‌ರೈಖ್ ಗುಡ್ಡದಲ್ಲೂ, ಝೆಲ್ಟಿಂಗನ್, ಬೆರ್ನ್‌ಕಾಸ್ಟೆಲ್‌ನಲ್ಲೂ ಈ ಮನೆಗೆ ತೋಟಗಳಿವೆ. ಗ್ರಾಖ್‌ನ ವೈನ್ ಎಳೆಯದರಲ್ಲೇ ರುಚಿ ತೋರುತ್ತದೆ, ಜೊನ್ನೆನ್‌ಊರ್‌ನದು ಬಿಗಿ, ಕಾಯಬೇಕು.

ಕಸಿ ಮಾಡದ ಹಳೇ ಬಳ್ಳಿ ಅಂತ ಹೇಳ್ತಾರೆ. ಅದ್ರಲ್ಲಿ ಏನ್ ವಿಶೇಷ?

19ನೇ ಶತಮಾನದಲ್ಲಿ ಫಿಲೊಕ್ಸೆರಾ ಅನ್ನೋ ಬೇರು ಹೇನು ಅಮೆರಿಕದಿಂದ ಬಂದು ಯುರೋಪಿನ ದ್ರಾಕ್ಷಿ ತೋಟಗಳನ್ನು ನುಂಗಿತು. ಅಮೆರಿಕದ ಬಳ್ಳಿಗಳಿಗೆ ಅದರ ಜೊತೆ ಬಾಳಿ ಅಭ್ಯಾಸ. ಅದಕ್ಕೆ ಅವುಗಳ ಬೇರಿಗೆ ಯುರೋಪಿನ ಬಳ್ಳಿ ಕಸಿ ಮಾಡಿದರು, ಈಗ ಬಹುತೇಕ ಎಲ್ಲ ಕಡೆ ಅದೇ ರೂಢಿ. (ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯೂ ಅಮೆರಿಕದ ಲಬ್ರುಸ್ಕಾ ಸಂತತಿಯದೇ. ಅದರ ಘಾಟು ಪರಿಮಳ ಬಂದದ್ದು ಅಲ್ಲಿಂದ.) ಮೋಸೆಲ್‌ನ ಸ್ಲೇಟು ನೆಲದಲ್ಲಿ ಆ ಹೇನು ಸರಿಯಾಗಿ ಓಡಾಡಲಾರದು. ಹಾಗಾಗಿ ಸ್ವಂತ ಬೇರಿನ ಹಳೆಯ ಬಳ್ಳಿಗಳು ಅಲ್ಲಿ ಇನ್ನೂ ಉಳಿದಿವೆ. ರುಚಿ ಬೇರೆಯಾಗುತ್ತದೆ ಅಂತ ಬೆಳೆಗಾರರು ಹೇಳುತ್ತಾರೆ. ನನಗಂತೂ ಮುಖ್ಯ ಕಾಣುವುದು ವಯಸ್ಸು: ಮುದಿ ಬಳ್ಳಿಯಲ್ಲಿ ಗೊಂಚಲು ಕಮ್ಮಿ, ಕಾಳು ಸಣ್ಣ, ರಸ ಗಟ್ಟಿ.

## ಲೇಬಲ್ ಓದೋದು ಹೇಗೆ

ಕಾಬಿನೆಟ್, ಶ್ಪೇಟ್‌ಲೇಸೆ, ಔಸ್‌ಲೇಸೆ... ಇದು ಸಿಹಿಯ ಅಳತೆನಾ?

ನೇರವಾಗಿ ಅಲ್ಲ. ಕೊಯ್ದ ದಿನ ದ್ರಾಕ್ಷಿ ಎಷ್ಟು ಹಣ್ಣಾಗಿತ್ತು ಅನ್ನೋದರ ಅಳತೆ. ರಸದ ತೂಕವನ್ನು ಓಕ್ಸ್‌ಲೆ ಅನ್ನೋ ಮಾನದಲ್ಲಿ ನೋಡುತ್ತಾರೆ. ಒಂದು ಲೀಟರ್ ನೀರಿಗಿಂತ ಒಂದು ಲೀಟರ್ ರಸ ಎಷ್ಟು ಗ್ರಾಂ ಜಾಸ್ತಿ ತೂಗುತ್ತದೋ ಅಷ್ಟು ಓಕ್ಸ್‌ಲೆ. 80 ಓಕ್ಸ್‌ಲೆ ಅಂದರೆ ಲೀಟರ್ ರಸ 1,080 ಗ್ರಾಂ. ಫೊರ್ಟ್ಸ್‌ಹೈಮ್ ಊರಿನ ಫರ್ಡಿನಾಂಡ್ ಓಕ್ಸ್‌ಲೆಯ ಹೆಸರು ಇದಕ್ಕೆ. ಈಗಿನ ವಿಂಗಡಣೆ ಕಾನೂನಾಗಿದ್ದು 1971ರಲ್ಲಿ.

ಮೆಟ್ಟಿಲು ಹೀಗೆ: ಕಾಬಿನೆಟ್ ಹಗುರ, ಶ್ಪೇಟ್‌ಲೇಸೆ ತಡವಾಗಿ ಕೊಯ್ದದ್ದು, ಔಸ್‌ಲೇಸೆ ಆಯ್ದ ಗೊಂಚಲು, ಬೇರೆನ್‌ಔಸ್‌ಲೇಸೆ ಒಂದೊಂದೇ ಕಾಳು ಆಯ್ದದ್ದು. ತುತ್ತತುದಿಗೆ ಟ್ರೊಕೆನ್‌ಬೇರೆನ್‌ಔಸ್‌ಲೇಸೆ. ಬೊಟ್ರೈಟಿಸ್ ಅನ್ನೋ ಒಳ್ಳೆ ಬೂಜು ಹಿಡಿದು ಒಣದ್ರಾಕ್ಷಿಯಂತೆ ಸುಕ್ಕಾದ ಕಾಳಿನದು, ಕನಿಷ್ಠ 150 ಓಕ್ಸ್‌ಲೆ ಇರಲೇಬೇಕು. ಒಬ್ಬ ಆಳು ದಿನವಿಡೀ ಆಯ್ದರೂ ಸಿಗುವ ರಸ ಅಷ್ಟಕ್ಕಷ್ಟೇ.

ತಡವಾಗಿ ಕೊಯ್ಯುವ ಪದ್ಧತಿಗೆ ಒಂದು ಕಥೆ ಇದೆ. 1775ರಲ್ಲಿ ರೈನ್‌ಗೌ ಸೀಮೆಯ ಯೊಹಾನಿಸ್‌ಬೆರ್ಗ್‌ನಲ್ಲಿ ಕೊಯ್ಲಿಗೆ ತೋಟದ ಒಡೆಯನಾದ ಫುಲ್ಡಾದ ಬಿಷಪ್‌ನಿಂದ ಅಪ್ಪಣೆ ಬರಬೇಕಿತ್ತು. ದೂತ ತಡ ಮಾಡಿದ, ಹಣ್ಣು ಬೂಜು ಹಿಡಿಯಿತು, ವೈನ್ ಅದ್ಭುತವಾಯಿತು. ಆ ದೂತನ ಪ್ರತಿಮೆಯನ್ನೂ ಅಲ್ಲಿ ನಿಲ್ಲಿಸಿದ್ದಾರೆ.

ಹಾಗಾದ್ರೆ ಮೇಲಿನ ಮೆಟ್ಟಿಲಿಂದೇ ಒಳ್ಳೇದು ಅಂತಾನಾ?

ಬೆಲೆ ಏರುತ್ತದೆ ನಿಜ, ಊಟದ ಜೊತೆಗೆ ಒಗ್ಗುವುದು ಕಮ್ಮಿಯಾಗುತ್ತದೆ. ಈ ಮನೆಯ ಪರೀಕ್ಷೆ ಮಾಡಬೇಕೆಂದರೆ ಕಾಬಿನೆಟ್ ತೆಗೆದುಕೊಳ್ಳಿ. ತೂಕ ಇಲ್ಲದೆ ರುಚಿ ತುಂಬುವುದೇ ಕಷ್ಟದ ಕೆಲಸ.

ಒಂದೇ ಔಸ್‌ಲೇಸೆ, ಒಂದೇ ವರ್ಷ, ಬೆಲೆ ಮಾತ್ರ ಎರಡು ಪಟ್ಟು. ಯಾಕೆ?

ಬಾಟಲಿಯ ಕತ್ತು ನೋಡಿ. ಬಿರಡೆ ಮುಚ್ಚುವ ತಗಡು ಚಿನ್ನದ ಬಣ್ಣದ್ದಾಗಿದ್ದರೆ ಅದು 'ಗೋಲ್ಡ್‌ಕಾಪ್ಸೆಲ್'. ಹಿಂದೆ ಇಂಥ ವಿಶೇಷ ಪಾಲಿಗೆ 'ಅತ್ಯುತ್ತಮ ಔಸ್‌ಲೇಸೆ' ಅನ್ನೋ ಅರ್ಥದ ಮಾತು ಬರೆಯುತ್ತಿದ್ದರು. 1971ರ ಕಾನೂನು ಅದನ್ನು ನಿಷೇಧಿಸಿತು. ಬೆಳೆಗಾರರು ಮಾತು ಬಿಟ್ಟು ಬಣ್ಣ ಹಿಡಿದರು. ಇನ್ನೂ ಅಪರೂಪದ್ದಕ್ಕೆ ಉದ್ದನೆಯ ಚಿನ್ನದ ತಗಡು.

ಇನ್ನೊಂದು ಗುರುತು ಸರ್ಕಾರಿ ಪರೀಕ್ಷೆಯ ನಂಬರ್, ಲೇಬಲ್‌ನಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಕೊನೆಯ ಎರಡು ಅಂಕಿ ಪರೀಕ್ಷೆಗೆ ಕೊಟ್ಟ ವರ್ಷ, ಅದರ ಹಿಂದಿನದು ಆ ಮನೆಯ ಎಷ್ಟನೇ ಪಾಲು ಅಂತ. '12 22' ಇದ್ದರೆ 2022ರಲ್ಲಿ ಕೊಟ್ಟ ಹನ್ನೆರಡನೇ ಪಾಲು. ಒಂದೇ ಹೆಸರಿನ ಎರಡು ಬಾಟಲಿ ರುಚಿಯಲ್ಲಿ ಬೇರೆ ಅನ್ನಿಸಿದರೆ ಮೊದಲು ಈ ನಂಬರ್ ಹೋಲಿಸಿ.

ಹದ್ದಿನ ಚಿತ್ರ ಯಾಕಿದೆ?

ವಿ.ಡಿ.ಪಿ. ಅನ್ನೋ ಬೆಳೆಗಾರರ ಸಂಘದ ಗುರುತು, ಎದೆಯ ಮೇಲೆ ದ್ರಾಕ್ಷಿ ಗೊಂಚಲು ಹೊತ್ತ ಹದ್ದು. ಸಂಘ ಹುಟ್ಟಿದ್ದು 1910ರಲ್ಲಿ, ಸದಸ್ಯ ಮನೆಗಳು ಸುಮಾರು 200. ಇಳುವರಿ, ತೋಟದ ದರ್ಜೆ ವಿಷಯದಲ್ಲಿ ಸರ್ಕಾರದ ಕಾನೂನಿಗಿಂತ ಬಿಗಿ ನಿಯಮ ಇಟ್ಟುಕೊಂಡಿದ್ದಾರೆ. ಗುರುತಿಲ್ಲದ ಒಳ್ಳೆ ಮನೆಗಳೂ ಇವೆ.

## ಬಾಟಲಿ ತೆಗೆದ ಮೇಲೆ

ಬಿರಡೆ ತೆಗೆದ್ರೆ ಬೆಂಕಿಕಡ್ಡಿ ಗೀಚಿದ ವಾಸನೆ. ಕೆಟ್ಟು ಹೋಗಿದ್ಯಾ?

ಪ್ರ್ಯೂಮ್ ಬಗ್ಗೆ ಬರುವ ದೂರುಗಳಲ್ಲಿ ಇದೇ ಮೊದಲು. ಕೆಟ್ಟಿಲ್ಲ, ಎಳೆಯದು. ಹೊರಗಿನ ಯೀಸ್ಟ್ ಹಾಕದೆ ತೋಟ-ನೆಲಮಾಳಿಗೆಯಲ್ಲಿ ತಾನಾಗಿ ಇರುವ ಯೀಸ್ಟ್‌ನಿಂದ ಹುದುಗು ಬರಿಸುತ್ತಾರೆ, ಗಾಳಿ ಸೋಕದಂತೆ ಕಾಪಾಡುತ್ತಾರೆ. ಗಂಧಕದ ಸಂಯುಕ್ತಗಳು ಸ್ವಲ್ಪ ಉಳಿಯುತ್ತವೆ. ನಾಲಗೆಯ ಮೇಲೆ ಚುರುಚುರು ಅನ್ನುವ ಸಣ್ಣ ಗುಳ್ಳೆಗಳೂ ಇರುತ್ತವೆ, ಅದು ಹುದುಗಿನಿಂದ ಉಳಿದ ಕಾರ್ಬನ್ ಡೈಆಕ್ಸೈಡ್.

ಅಗಲ ಬಾಯಿಯ ಜಗ್‌ಗೆ ಬಗ್ಗಿಸಿ ಒಂದೆರಡು ಗಂಟೆ ಬಿಡಿ. ಅಥವಾ ಅರ್ಧ ಕುಡಿದು ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ, ಮಾರನೇ ದಿನ ಬೇರೆಯೇ ವೈನ್. ನಾನು ಎರಡನೇ ದಾರಿಯವನು.

ಹಳೇ ರೀಸ್ಲಿಂಗ್‌ನಲ್ಲಿ ಪೆಟ್ರೋಲ್ ವಾಸನೆ ಬರತ್ತೆ ಅಂತಾರೆ, ನಿಜಾನಾ?

ನಿಜ. ಟಿ.ಡಿ.ಎನ್. ಅನ್ನೋ ವಸ್ತುವಿನ ವಾಸನೆ ಅದು. ದ್ರಾಕ್ಷಿಯ ಸಿಪ್ಪೆಯಲ್ಲಿರುವ ಕೆರೋಟಿನ್ ಜಾತಿಯ ಬಣ್ಣದಿಂದ ವರ್ಷ ಕಳೆದಂತೆ ಹುಟ್ಟುತ್ತದೆ. ಬಿಸಿಲು ಜಾಸ್ತಿ ಬಿದ್ದ ತೋಟದಲ್ಲಿ ಬೇಗ ಬರುತ್ತದೆ. ಕೆಲವರಿಗೆ ಅದೇ ಇಷ್ಟ.

ತಳದಲ್ಲಿ ಗಾಜಿನ ಚೂರಿನ ಥರ ಹರಳು ಕೂತಿದೆ...

ಟಾರ್ಟರಿಕ್ ಆಮ್ಲದ ಉಪ್ಪು. ಹುಣಸೆಹಣ್ಣಿನಲ್ಲಿರುವುದೂ ಅದೇ ಆಮ್ಲ. ತೊಂದರೆ ಏನಿಲ್ಲ, ನಿಧಾನಕ್ಕೆ ಬಗ್ಗಿಸಿ.

ಎಷ್ಟು ವರ್ಷ ಇಡಬಹುದು?

ಕಾಬಿನೆಟ್ ಐದಾರು ವರ್ಷಕ್ಕೆ ಬಾಯಿ ಬಿಡುತ್ತದೆ, ಇಪ್ಪತ್ತು ದಾಟಿದರೂ ಜಗ್ಗುವುದಿಲ್ಲ. ಔಸ್‌ಲೇಸೆ ಅದಕ್ಕಿಂತ ತುಂಬ ಹೆಚ್ಚು. ಹುಳಿ, ಸಕ್ಕರೆ, ಗಂಧಕ ಮೂರೂ ಕಾಯುವ ಕೆಲಸ ಮಾಡುತ್ತವೆ. ವರ್ಷ ಕಳೆದಂತೆ ಸಿಹಿ ಕಮ್ಮಿಯಾದಂತೆ ಅನ್ನಿಸುತ್ತದೆ. ಸಕ್ಕರೆ ಅಷ್ಟೇ ಇರುತ್ತದೆ, ನಾಲಗೆಗೆ ಮಾತ್ರ ಬೇರೆ ರುಚಿಗಳು ಮುಂದೆ ಬರುತ್ತವೆ. ಬೆಂಗಳೂರಿನ ಅಡುಗೆಮನೆ ಶೆಲ್ಫ್ ಮೇಲೆ ಇಪ್ಪತ್ತು ವರ್ಷ ಅಂತ ಮಾತ್ರ ಅಂದುಕೊಳ್ಳಬೇಡಿ. 10-13 ಡಿಗ್ರಿಯ ಕತ್ತಲ ಜಾಗ ಬೇಕು.

ನಮ್ಮ ಊಟಕ್ಕೆ ಹೊಂದತ್ತಾ?

ಖಾರದ ಊಟಕ್ಕೆ ಹೊಂದುವ ವೈನ್ ಕಮ್ಮಿ. ಆಲ್ಕೋಹಾಲ್ ಜಾಸ್ತಿ ಇದ್ದರೆ ಮೆಣಸಿನಕಾಯಿ ಇನ್ನೂ ಉರಿಯುತ್ತದೆ. ಇಲ್ಲಿ ಆಲ್ಕೋಹಾಲ್ ಕಮ್ಮಿ, ಸಿಹಿ ಉರಿ ತಗ್ಗಿಸುತ್ತದೆ. ಕೋಳಿ ಸುಕ್ಕ, ಸಿಗಡಿ ತುಪ್ಪದ ರೋಸ್ಟ್ ಜೊತೆ ಕಾಬಿನೆಟ್ ಸೊಗಸು. ಕಾಚಂಪುಳಿ ಹಾಕಿದ ಪಂದಿ ಕರಿಗೆ ಹಳೇ ಶ್ಪೇಟ್‌ಲೇಸೆ ಹುಡುಕಿ. ಅಲ್ಲಿ ಹುಳಿಗೆ ಹುಳಿ ನಿಲ್ಲಬೇಕು. ಸಾರು-ಅನ್ನಕ್ಕೆ ಯಾವ ವೈನೂ ಬೇಡ.

ನಾವು ಸಸ್ಯಾಹಾರಿಗಳು. ವೈನ್‌ನಲ್ಲಿ ಏನಾದ್ರೂ ಹಾಕಿರ್ತಾರಾ?

ತಿಳಿಯಾಗಿಸಲು ಕೆಲವರು ಜೆಲಾಟಿನ್, ಮೀನಿನ ಗಾಳಿಚೀಲದ ಅಂಟು, ಮೊಟ್ಟೆಯ ಬಿಳಿ ಬಳಸುತ್ತಾರೆ. ಬೆಂಟೊನೈಟ್ ಅನ್ನೋ ಜೇಡಿಮಣ್ಣೂ ಬಳಕೆಯಲ್ಲಿದೆ. 2023ರ ಡಿಸೆಂಬರ್‌ನಿಂದ ಯುರೋಪಿನ ಹೊಸ ವೈನ್‌ಗೆ ಪದಾರ್ಥಗಳ ಪಟ್ಟಿ ಕಡ್ಡಾಯ. ಆದರೆ ತಿಳಿಗೊಳಿಸಿ ತೆಗೆದುಬಿಡುವ ವಸ್ತುಗಳೆಲ್ಲ ಆ ಪಟ್ಟಿಯಲ್ಲಿ ಬರಲ್ಲ. ವೀಗನ್ ಗುರುತು ಇರುವುದನ್ನು ಕೊಳ್ಳಿ, ಇಲ್ಲಾ ಮನೆಗೇ ಬರೆದು ಕೇಳಿ.

ಊರಿಗೆ ಬರುವಾಗ ಎಷ್ಟು ತರಬಹುದು?

ಭಾರತಕ್ಕೆ ಬರುವವರಿಗೆ ಸುಂಕವಿಲ್ಲದೆ 2 ಲೀಟರ್. ಮಾಮೂಲಿ ಬಾಟಲಿ 750 ಮಿಲಿ, ಹಾಗಾಗಿ ಎರಡು ಬಾಟಲಿ ಆರಾಮು, ಮೂರನೆಯದಕ್ಕೆ ಮಿತಿ ದಾಟುತ್ತದೆ. ಮೋಸೆಲ್ ಬಾಟಲಿ ಉದ್ದ, ಕತ್ತು ಸಪೂರ. ಪೆಟ್ಟಿಗೆಯಲ್ಲಿ ಕತ್ತಿಗೇ ಜಾಸ್ತಿ ಬಟ್ಟೆ ಸುತ್ತಿ.

## ಆಳಕ್ಕೆ ಇಳಿದವರ ಪ್ರಶ್ನೆಗಳು

ಹವಾಮಾನ ಬದಲಾಗಿ ಇವ್ರಿಗೆ ಒಳ್ಳೇದೇ ಆಯ್ತಲ್ವಾ? ಬಿಸಿಲು ಜಾಸ್ತಿ ಬಂತು.

ಮೊದಮೊದಲು ಹಾಗೇ ಅನ್ನಿಸಿತು. ಹಿಂದೆ ಹತ್ತು ವರ್ಷದಲ್ಲಿ ಕೆಲವು ಬೆಳೆ ಕಾಯಿಯಾಗಿಯೇ ಉಳಿಯುತ್ತಿತ್ತು, ಈಗ ಅಂಥ ವರ್ಷ ಅಪರೂಪ. ಆದರೆ ಹಗುರವಾದ ಕಾಬಿನೆಟ್ ಮಾಡುವುದೇ ಕಷ್ಟವಾಗಿದೆ. ಸಕ್ಕರೆ ಬೇಗ ಏರುತ್ತದೆ, ಹುಳಿ ಇಳಿಯುತ್ತದೆ. ಹಿಂದೆ ಬೆಲೆ ಇಲ್ಲದ ತಂಪು ಓಣಿಗಳು, ಎತ್ತರದ ತುಂಡುಗಳು ಈಗ ಬೇಡಿಕೆಯಲ್ಲಿವೆ.

ಚಳಿಯ ಕಡೆಯಿಂದಲೂ ಏಟು. ಬಳ್ಳಿ ಬೇಗ ಚಿಗುರುತ್ತದೆ, ಆಮೇಲೆ ಹಿಮ ಬೀಳುತ್ತದೆ. 2024ರ ಏಪ್ರಿಲ್ ಕೊನೆಯಲ್ಲಿ ಮೋಸೆಲ್‌ಗೆ ಸೇರುವ ಸಾರ್, ರೂವರ್ ನದಿಗಳ ಕಣಿವೆಗಳಲ್ಲಿ ಹೀಗೇ ಬೆಳೆ ಹೋಯಿತು. ಇನ್ನು ಐಸ್‌ವೈನ್‌ಗೆ ಮೈನಸ್ 7 ಡಿಗ್ರಿಯಲ್ಲಿ ಬಳ್ಳಿಯ ಮೇಲೇ ಹೆಪ್ಪುಗಟ್ಟಿದ ಹಣ್ಣು ಬೇಕು. 2019ರ ಬೆಳೆಯಲ್ಲಿ ಜರ್ಮನಿಯಲ್ಲಿ ಎಲ್ಲೂ ಅಷ್ಟು ಚಳಿ ಬರಲಿಲ್ಲ, ಐಸ್‌ವೈನ್ ಆಗಲೇ ಇಲ್ಲ ಅಂತ ಅಲ್ಲಿನ ವೈನ್ ಸಂಸ್ಥೆ ಪ್ರಕಟಿಸಿತು.

ಕಣಿವೆ ಮೇಲೆ ಕಟ್ಟಿದ ದೊಡ್ಡ ಸೇತುವೆಗೆ ಯಾಕೆ ಅಷ್ಟು ಗಲಾಟೆ ಆಯ್ತು?

ಹೋಖ್‌ಮೋಸೆಲ್ ಸೇತುವೆ. 1.7 ಕಿ.ಮೀ. ಉದ್ದ, ಸುಮಾರು 160 ಮೀಟರ್ ಎತ್ತರ, 2019ರ ನವೆಂಬರ್‌ನಲ್ಲಿ ತೆರೆದದ್ದು. ನೋಟ ಕೆಡುತ್ತದೆ ಅನ್ನೋದು ಒಂದು ದೂರು. ಬೆಳೆಗಾರರ ನಿಜವಾದ ಭಯ ನೀರಿನದು. ಸೇತುವೆಗೆ ಸೇರುವ ಹೆದ್ದಾರಿ ವೇಲೆನ್, ಗ್ರಾಖ್ ತೋಟಗಳ ನೆತ್ತಿಯ ಕಾಡಿನಲ್ಲಿ ಹಾಯುತ್ತದೆ. ಆ ಕಾಡು ಹಿಡಿದಿಟ್ಟ ಮಳೆನೀರೇ ಸ್ಲೇಟಿನ ಬಿರುಕುಗಳಲ್ಲಿ ಇಳಿದು ಬೇರಿಗೆ ಸಿಗುವುದು. ಡಾಂಬರು ಹಾಕಿ, ಮೋರಿ ಕಟ್ಟಿ ನೀರನ್ನು ಬೇರೆ ಕಡೆ ತಿರುಗಿಸಿದರೆ ಒಣ ವರ್ಷಗಳಲ್ಲಿ ಏನು ಗತಿ ಅಂತ ಕೇಳಿದರು. ಇದರ ಉತ್ತರ ಕಾಣಲು ದಶಕಗಳು ಬೇಕಾದಾವು. ಕಟ್ಟುವ ಮೊದಲೇ ಕೇಳಬೇಕಾದ ಪ್ರಶ್ನೆ ಅಂತೂ ಹೌದು.

ಟ್ರಿಯರ್ ಹರಾಜಿನಲ್ಲಿ ನಾನೂ ಕೂಗಬಹುದಾ?

ನೀವೇ ಕೂಗುವ ಹಾಗಿಲ್ಲ. 1908ರಲ್ಲಿ ಹುಟ್ಟಿದ 'ಗ್ರೋಸರ್ ರಿಂಗ್' ಅನ್ನೋ ಮೋಸೆಲ್ ಬೆಳೆಗಾರರ ಕೂಟ ಈ ಹರಾಜು ನಡೆಸುತ್ತದೆ. ಪ್ರ್ಯೂಮ್ ಅದರ ಸದಸ್ಯ ಮನೆ. ಕೆಲವು ಪಾಲುಗಳನ್ನು ಹರಾಜಿಗೆಂದೇ ತೆಗೆದಿಡುತ್ತಾರೆ, ಅಂಗಡಿಗೆ ನೇರ ಬರಲ್ಲ. ಒಂದೊಂದು ವೈನ್ ಸರದಿ ಬಂದಾಗ ಸಭೆಯಲ್ಲಿದ್ದವರ ಗ್ಲಾಸಿಗೆ ಅದನ್ನೇ ಸುರಿಯುತ್ತಾರೆ. ರುಚಿ ನೋಡುತ್ತಲೇ ಬೆಲೆ ಏರುತ್ತದೆ. ಕೂಗುವುದು ನೋಂದಾಯಿತ ದಲ್ಲಾಳಿಗಳು ಮಾತ್ರ. ನಿಮ್ಮ ಮಿತಿಯನ್ನು ಅವರಿಗೆ ಮೊದಲೇ ಹೇಳಿರಬೇಕು.

ಬೆಲೆ ಎಲ್ಲಿಗೆ ಹೋಗಬಹುದು ಅಂದರೆ, 2015ರಲ್ಲಿ ಸಾರ್ ಕಣಿವೆಯ ಎಗೋನ್ ಮ್ಯುಲರ್ ಮನೆಯ 2003ರ ಟ್ರೊಕೆನ್‌ಬೇರೆನ್‌ಔಸ್‌ಲೇಸೆ ಒಂದು ಬಾಟಲಿಗೆ 12,000 ಯೂರೋ ಕೂಗಿದರು, ತೆರಿಗೆ ಬೇರೆ. ಕಾಬಿನೆಟ್ ಪಾಲುಗಳಿಗೆ ಇಷ್ಟು ದೂರ ಹೋಗಬೇಕಿಲ್ಲ. ಮೊದಲ ಸಲದವರು ದಲ್ಲಾಳಿಗೆ ಕಾಬಿನೆಟ್ ಅಥವಾ ಶ್ಪೇಟ್‌ಲೇಸೆ ಹೇಳಿ, ದಲ್ಲಾಳಿ ಕಮಿಷನ್ ಮತ್ತು ತೆರಿಗೆ ಸೇರಿಸಿ ಮಿತಿ ಲೆಕ್ಕ ಹಾಕಿ. ಕೂಗಿದ ಬೆಲೆಯಲ್ಲಿ ಅವೆರಡೂ ಸೇರಿರುವುದಿಲ್ಲ.